ಕೆಂಪೇಗೌಡರಿಗೂ ಐಟಿಗೂ ನಡುವೆ ಬೆಂಗಳೂರು ಏನ್ ಮಾಡ್ತಿತ್ತು?

ರಾಜಾಜಿನಗರದವ

ಎಲ್ಲರಿಗೂ ನಮಸ್ಕಾರ. ನನ್ನ ಮಗಳು ಏಳನೇ ಕ್ಲಾಸು, ಸ್ಕೂಲಲ್ಲಿ "ನಮ್ಮ ರಾಜಧಾನಿ" ಅಂತ ಪ್ರಾಜೆಕ್ಟ್ ಕೊಟ್ಟಿದಾರೆ, ನಾಲ್ಕು ಪುಟ ಬರೀಬೇಕು. ನೆನ್ನೆ ರಾತ್ರಿ ಅವಳು ಬರೆದಿದ್ದನ್ನ ಓದಿದೆ. ಮೊದಲನೇ ಪುಟದಲ್ಲಿ 1537, ಕೆಂಪೇಗೌಡರು, ಬೆಂದಕಾಳು ಕೊಟ್ಟ ಅಜ್ಜಿ. ಪುಟ ತಿರುಗಿಸಿದ್ರೆ ಆಗ್ಲೇ ಐಟಿ ಕಂಪನಿ, ಮೆಟ್ರೋ, ಏರ್‌ಪೋರ್ಟು. ನಡುವೆ ಇದ್ದ ನಾನೂರೈವತ್ತು ವರ್ಷ ಎಲ್ಲಿ ಹೋಯ್ತಮ್ಮ ಅಂದೆ, "ಅದು ಎಲ್ಲೂ ಸಿಗಲಿಲ್ಲ ಅಪ್ಪ" ಅಂದ್ಲು. ನಂಗೂ ಹೇಳೋಕೆ ಬರಲಿಲ್ಲ, ಅದೇ ಬೇಜಾರು.

ನಮ್ಮ ತಾತ ಮಾಗಡಿ ಕಡೆ ಹಳ್ಳಿಯಿಂದ ಬಂದು ಬಟ್ಟೆ ಮಿಲ್ ಸೇರಿದ್ರು, ಅಪ್ಪ ಫ್ಯಾಕ್ಟರಿ, ನಾನು ಕಂಪ್ಯೂಟರ್ ಕೆಲಸ. ಮೂರು ತಲೆಮಾರು ಈ ಊರಿನ ಅನ್ನ ತಿಂದಿದೀವಿ, ಆದ್ರೆ ಈ ಊರು ಯಾವುದರಿಂದ ಬದುಕ್ತಿತ್ತು ಅಂತ ಸರಿಯಾಗಿ ಗೊತ್ತಿಲ್ಲ. ಇಲ್ಲಿ ದೊಡ್ಡ ನದಿ ಇಲ್ಲ, ಸಮುದ್ರ ಇಲ್ಲ, ಆದ್ರೂ ಇಷ್ಟು ದೊಡ್ಡದಾಗಿದ್ದು ಹೇಗೆ, ಸಾಫ್ಟ್‌ವೇರ್ ಬರೋಕೆ ಮುಂಚೆ ಜನ ಏನು ಕೆಲಸ ಮಾಡ್ತಿದ್ರು, ಯಾರ್ ಯಾರು ಬಂದು ಸೇರ್ಕೊಂಡ್ರು, ಗೊತ್ತಿರೋರು ದಯವಿಟ್ಟು ಹೇಳಿ. ನಿಮ್ಮ ಮನೇಲಿ ಕೇಳಿದ್ದು, ನೋಡಿದ್ದು ಇದ್ರೆ ಇನ್ನೂ ಒಳ್ಳೇದು.

ಕಬ್ಬನ್‌ಪೇಟೆ ಮಗ್ಗ

ಸರ್, ಮೊದಲು ಬೆಂದಕಾಳು ವಿಷ್ಯ ಮುಗಿಸಿಬಿಡೋಣ. ಹೊಯ್ಸಳರ ಬಲ್ಲಾಳ ರಾಜ ದಾರಿ ತಪ್ಪಿ ಬಂದ, ಅಜ್ಜಿ ಬೇಯಿಸಿದ ಕಾಳು ಕೊಟ್ಲು ಅನ್ನೋ ಕಥೆ ಚೆನ್ನಾಗಿದೆ, ಪಾಪು ಅದನ್ನ ಕಥೆ ಅಂತಲೇ ಬರೀಲಿ. ಆದ್ರೆ ಬೇಗೂರಿನ ನಾಗೇಶ್ವರ ದೇವಸ್ಥಾನದಲ್ಲಿ ಗಂಗರ ಕಾಲದ್ದೊಂದು ಶಾಸನ ಇದೆ, ಸುಮಾರು ಕ್ರಿ.ಶ. 890ರದ್ದು, ಬೆಂಗಳೂರ ಕಾಳಗದಲ್ಲಿ ನಾಗತ್ತರನ ಮಗ ಬುಟ್ಟಣಸೆಟ್ಟಿ ಸತ್ತ ಅಂತ ಅದ್ರಲ್ಲಿದೆ. ಅಂದ್ರೆ ಹೊಯ್ಸಳರು ಈ ಕಡೆ ಬರೋಕೆ ಮುಂಚೇನೇ ಈ ಹೆಸರು ಇತ್ತು. ಬೇಗೂರು ಇಲ್ಲೇ ಹೊಸೂರು ರೋಡ್ ಹತ್ರ, ಒಂದಿನ ಕರ್ಕೊಂಡು ಹೋಗಿ ತೋರಿಸಿ.

ಕೆಂಪೇಗೌಡರು ಕೋಟೆ ಕಟ್ಟಿದ್ರು ಅಂತ ಎಲ್ಲರೂ ಬರೀತಾರೆ, ನನ್ ಪ್ರಕಾರ ಅವರ ದೊಡ್ಡ ಕೆಲಸ ಪೇಟೆ. ಒಂದೊಂದು ಕಸುಬಿಗೂ ಒಂದೊಂದು ಬೀದಿ ಕೊಟ್ಟು ಜನಾನ ಕರೆಸಿ ಕೂರಿಸಿದ್ರು. ಅಕ್ಕಿಪೇಟೆ, ರಾಗಿಪೇಟೆ, ಅರಳೆಪೇಟೆ, ಕುಂಬಾರಪೇಟೆ, ಗಾಣಿಗರಪೇಟೆ, ಬಳೇಪೇಟೆ, ತಿಗಳರಪೇಟೆ, ನಗರ್ತಪೇಟೆ, ಈ ಹೆಸರುಗಳನ್ನ ಒಂದು ಸಲ ಜೋರಾಗಿ ಓದಿ ನೋಡಿ, ಊರು ಯಾವುದರಿಂದ ಬದುಕ್ತಿತ್ತು ಅನ್ನೋ ಪ್ರಶ್ನೆಗೆ ಅಲ್ಲೇ ಉತ್ತರ ಇದೆ. ಈಗ ಅವೆನ್ಯೂ ರೋಡ್ ಅಂತೀವಲ್ಲ ಅದೇ ದೊಡ್ಡಪೇಟೆ. ಅದೂ ಚಿಕ್ಕಪೇಟೆಯೂ ಸೇರೋ ಜಾಗದಿಂದ ನಾಲ್ಕು ಜೊತೆ ಎತ್ತು ನಾಲ್ಕು ದಿಕ್ಕಿಗೆ ಉತ್ಕೊಂಡು ಹೋದ್ವು, ಆ ಗೆರೆಗಳೇ ಬೀದಿಗಳಾದ್ವು ಅಂತ ನಮ್ಮಲ್ಲಿ ಹಿರಿಯರು ಹೇಳ್ತಾರೆ.

ಆಮೇಲೆ ದೊರೆಗಳು ಬದಲಾಗ್ತಾನೇ ಹೋದ್ರು. 1638ರಲ್ಲಿ ಬಿಜಾಪುರದ ರಣದುಲ್ಲಾ ಖಾನ್ ತಗೊಂಡ, ಊರು ಶಿವಾಜಿಯ ತಂದೆ ಶಹಾಜಿಗೆ ಜಹಗೀರು ಆಯ್ತು. 1687ರಲ್ಲಿ ಮೊಗಲರ ಕೈಗೆ ಹೋಯ್ತು, ಅವರಿಂದ ಮೈಸೂರಿನ ಚಿಕ್ಕದೇವರಾಜ ಒಡೆಯರು ಮೂರು ಲಕ್ಷ ರೂಪಾಯಿ ಕೊಟ್ಟು ತಗೊಂಡ್ರು, ಆಮೇಲೆ ಹೈದರು, ಟಿಪ್ಪು. 1791ರಲ್ಲಿ ಕಾರ್ನ್‌ವಾಲಿಸ್ ಸೈನ್ಯ ಪೇಟೆಗೆ ನುಗ್ಗಿ ಲೂಟಿ ಮಾಡ್ತು. ಅದಾಗಿ ಹತ್ತು ವರ್ಷ ಆಗೋದ್ರೊಳಗೆ, 1800ರಲ್ಲಿ, ಬುಕಾನನ್ ಅನ್ನೋ ಸ್ಕಾಟ್ಲೆಂಡಿನ ಡಾಕ್ಟರು ಈ ಸೀಮೆಯೆಲ್ಲ ಸುತ್ತಿ ನೋಡ್ತಾ ಬಂದು, ಬೆಂಗಳೂರು ಪೇಟೇಲಿ ರೇಷ್ಮೆ, ಹತ್ತಿ ಬಟ್ಟೆ ನೇಯೋರ ಬಗ್ಗೆ, ಬಣ್ಣ ಹಾಕೋರ ಬಗ್ಗೆ ವಿವರವಾಗಿ ಬರ್ಕೊಂಡಿದಾನೆ. ಲೂಟಿ ಆದ ಊರು ಅಷ್ಟು ಬೇಗ ಎದ್ದು ನಿಂತಿದ್ದು ಮಗ್ಗದಿಂದ. ನಾನು ಮಗ್ಗದ ಮನೆಯವನು ಅಂತ ಹೇಳ್ತಿಲ್ಲ, ನಿಜಾನೇ ಅದು.

ನಮ್ ಮನೇಲಿ ಮುಂದಿನ ಕೋಣೆಯಲ್ಲಿ ಗುಂಡಿ ಮಗ್ಗ ಇತ್ತು. ತಾತ ಗುಂಡಿಯಲ್ಲಿ ಕಾಲು ಇಳಿಬಿಟ್ಕೊಂಡು ಕೂತ್ರೆ ಅಜ್ಜಿ ಪಕ್ಕದಲ್ಲಿ ರಾಟೆ ತಿರುಗಿಸ್ತಾ ಲಾಳಿಗೆ ನೂಲು ಸುತ್ತಿ ಕೊಡೋರು. ದೇವಾಂಗ, ಪಟ್ಟೆಗಾರ, ಪದ್ಮಸಾಲಿ, ಎಲ್ಲ ಅಕ್ಕಪಕ್ಕದ ಬೀದಿಯವ್ರೇ, ಮನೇಲಿ ಒಬ್ಬರದು ತೆಲುಗು, ಒಬ್ಬರದು ಪಟ್ಟೆಗಾರ ಮಾತು, ಒಬ್ಬರದು ಕನ್ನಡ, ಬೀದಿಗೆ ಇಳಿದ್ರೆ ಎಲ್ಲರದೂ ಕನ್ನಡ. ಆಮೇಲೆ ಪವರ್‌ಲೂಮ್ ಬಂತು, ಇಡೀ ಬೀದಿ ಕಟಕಟಕಟ ಅಂತ ರಾತ್ರಿ ಹತ್ತರವರೆಗೂ. ನಾನು ಆ ಸದ್ದಲ್ಲೇ ಎಸೆಸೆಲ್ಸಿಗೆ ಓದಿದ್ದು, ಸದ್ದು ನಿಂತ್ರೇನೇ ಗಮನ ಹೋಗ್ತಿತ್ತು ಕರೆಂಟ್ ಹೋಯ್ತು ಅಂತ. ಬಾಡಿಗೆ, ಜಾಗದ ರೇಟು ಏರ್ತಾ ಏರ್ತಾ ಬಹಳ ಜನ ಮಗ್ಗ ಎತ್ಕೊಂಡು ಯಲಹಂಕ, ದೊಡ್ಡಬಳ್ಳಾಪುರ, ಆನೇಕಲ್ ಕಡೆ ಹೋದ್ರು. ಇನ್ನೂ ಕೆಲವು ಮನೇಲಿ ಓಡ್ತಿದೆ.

ಇನ್ನೊಂದು, 1898ರ ಪ್ಲೇಗು ಬಿಡಬೇಡಿ. ಪೇಟೆಯ ಒತ್ತೊತ್ತು ಮನೆಗಳಲ್ಲಿ ಜನ ಸಾಲಾಗಿ ಸತ್ರು, ಉಳಿದೋರು ಬಯಲಿಗೆ ಹೋಗಿ ಗುಡಿಸಲು ಹಾಕ್ಕೊಂಡ್ರು. ಬಸವನಗುಡಿ, ಮಲ್ಲೇಶ್ವರ ಅಗಲ ರಸ್ತೆ, ಗಾಳಿ ಬೆಳಕು ಅಂತ ಬೆಳೆದಿದ್ದು ಆ ಭಯದಿಂದ. ವಿಕ್ಟೋರಿಯಾ ಆಸ್ಪತ್ರೆ 1900ರಲ್ಲಿ ಶುರುವಾಯ್ತು.

ದೂರವಾಣಿನಗರ ರಿಟೈರ್ಡ್

ಕಬ್ಬನ್‌ಪೇಟೆಯವರು ಮಗ್ಗದವರೆಗೂ ತಂದು ನಿಲ್ಲಿಸಿದಾರೆ, ಅಲ್ಲಿಂದ ನಾನು ಹೇಳ್ತೀನಿ. ನಿಮ್ಮ ತಾತನ ಮಿಲ್ಲು ಇಲ್ಲಿ ಬರುತ್ತೆ ನೋಡಿ.

1884ರಲ್ಲಿ ಬೆಂಗಳೂರು ಉಲನ್ ಕಾಟನ್ ಅಂಡ್ ಸಿಲ್ಕ್ ಮಿಲ್ ಶುರುವಾಯ್ತು, ಎರಡು ವರ್ಷದಲ್ಲಿ ಬಿನ್ನಿ ಕಂಪನಿ ಕೈಗೆ ಬಂತು, ಜನ ಕರೆದಿದ್ದು ಬಿನ್ನಿ ಮಿಲ್ ಅಂತ. ಮಲ್ಲೇಶ್ವರದ ಹತ್ರ ರಾಜಾ ಮಿಲ್, ಈಗ ಅಲ್ಲಿ ಮಾಲ್ ಇದೆ. ಮಿನರ್ವ ಮಿಲ್. ಮಾಗಡಿ, ನೆಲಮಂಗಲ, ಕನಕಪುರ ಕಡೆಯ ಒಕ್ಕಲು ಮಕ್ಕಳು ಮಳೆ ಕೈಕೊಟ್ಟ ವರ್ಷ ಬಂದು ಸೇರ್ಕೊಂಡೋರೇ ಜಾಸ್ತಿ. ಸೈರನ್ ಕೂಗಿದ್ರೆ ಅದೇ ಸುತ್ತಮುತ್ತಲ ಮನೆಗಳಿಗೆ ಗಡಿಯಾರ.

ಫ್ಯಾಕ್ಟರಿಗಳು ಈ ಊರಿಗೇ ಯಾಕ್ ಬಂದ್ವು ಅಂತ ಮಗೂಗೆ ವಿವರಿಸಬೇಕಾದ್ರೆ ಕರೆಂಟಿಂದ ಶುರು ಮಾಡಿ. 1902ರಲ್ಲಿ ಶಿವನಸಮುದ್ರದಲ್ಲಿ ಕರೆಂಟ್ ತೆಗೆದ್ರು, ಮೊದಲು ಹೋಗಿದ್ದು ಕೋಲಾರದ ಚಿನ್ನದ ಗಣಿಗೆ. 1905ರ ಆಗಸ್ಟ್ 5ಕ್ಕೆ ಬೆಂಗಳೂರು ಪೇಟೆಯ ಬೀದೀಲಿ ದೀಪ ಹತ್ತಿತು. ಆಮೇಲೆ ಟಾಟಾ ಇನ್‌ಸ್ಟಿಟ್ಯೂಟ್, ಅಂದ್ರೆ ಈಗಿನ ಐಐಎಸ್‌ಸಿ, 1909ರಲ್ಲಿ ಸ್ಥಾಪನೆ ಆಗಿ 1911ರಲ್ಲಿ ಹುಡುಗರು ಬಂದ್ರು. 1917ರಲ್ಲಿ ವಿಶ್ವೇಶ್ವರಯ್ಯನವರು ಇಂಜಿನಿಯರಿಂಗ್ ಕಾಲೇಜು ಶುರು ಮಾಡಿಸಿದ್ರು. ಗಂಧದೆಣ್ಣೆ, ಸೋಪು, ಪಿಂಗಾಣಿ, ಬಲ್ಬು, ಮೈಸೂರು ಸರ್ಕಾರವೇ ಒಂದೊಂದಾಗಿ ಕಾರ್ಖಾನೆ ತೆಗೀತಾ ಹೋಯ್ತು, ಮೈಸೂರ್ ಸ್ಯಾಂಡಲ್ ಸೋಪು ಆಗಿಂದು. ಕರೆಂಟ್ ಇದೆ, ಓದಿರೋ ಹುಡುಗರಿದಾರೆ, ದುಡ್ಡು ಹಾಕೋ ಸರ್ಕಾರ ಇದೆ, ಸಮುದ್ರದಿಂದ ಗಡಿಯಿಂದ ದೂರ ಇರೋದ್ರಿಂದ ಯುದ್ಧದ ಕಾಲಕ್ಕೂ ಕ್ಷೇಮ, ಹಿಂಗಾಗಿ 1940ರಲ್ಲಿ ವಾಲ್‌ಚಂದ್ ಹೀರಾಚಂದ್ ವಿಮಾನದ ಕಾರ್ಖಾನೆ ಮಾಡ್ತೀನಿ ಅಂದಾಗ ದಿವಾನ್ ಮಿರ್ಜಾ ಇಸ್ಮಾಯಿಲ್ ಅವರು ಜಾಗ ಕೊಟ್ಟು ಬಂಡವಾಳನೂ ಹಾಕಿಸಿದ್ರು, ಅದೇ ಎಚ್‌ಎಎಲ್.

ಸ್ವಾತಂತ್ರ್ಯ ಬಂದ್ಮೇಲೆ 1948ರಲ್ಲಿ ನಮ್ಮ ಐಟಿಐ, ಟೆಲಿಫೋನ್ ಕಾರ್ಖಾನೆ. ನಮ್ಮ ಏರಿಯಾಗೆ ದೂರವಾಣಿನಗರ ಅಂತ ಹೆಸರು ಬಂದಿದ್ದೇ ಅದರಿಂದ, ಎಷ್ಟ್ ಚೆಂದದ ಕನ್ನಡ ಹೆಸರು ನೋಡಿ. 1953ರಲ್ಲಿ ಮೆಷಿನ್ ಟೂಲ್ ಮಾಡೋ ಎಚ್‌ಎಂಟಿ, 1954ರಲ್ಲಿ ಸೈನ್ಯಕ್ಕೆ ಎಲೆಕ್ಟ್ರಾನಿಕ್ಸ್ ಮಾಡೋ ಬಿಇಎಲ್, ಎರಡೂ ಜಾಲಹಳ್ಳಿ. 1961ರಿಂದ ಎಚ್‌ಎಂಟಿ ವಾಚು, ಜಪಾನಿನ ಸಿಟಿಜನ್ ಕಂಪನಿಯವರ ಜೊತೆ ಸೇರಿ. ನನ್ನ ಮದುವೆಗೆ ಮಾವ ಕೊಟ್ಟ ಎಚ್‌ಎಂಟಿ ಜನತಾ ಇನ್ನೂ ಕೈಯಲ್ಲಿದೆ, ಬೆಳಿಗ್ಗೆ ಎದ್ದು ಕೀ ಕೊಟ್ಟೇ ಮುಂದಿನ ಕೆಲಸ. ವಾಚ್ ಕಂಪನಿ ಮುಚ್ಚೋಕೆ 2016ರಲ್ಲಿ ಕೇಂದ್ರ ತೀರ್ಮಾನ ಮಾಡ್ತು, ಆ ಸುದ್ದಿ ಓದಿದ ದಿನ ನಮ್ಮ ವಾಕಿಂಗ್ ಗುಂಪಲ್ಲಿ ಯಾರೂ ಮಾತಾಡ್ಲಿಲ್ಲ.

ಫ್ಯಾಕ್ಟರಿ ಬರೀ ಸಂಬಳ ಆಗಿರ್ಲಿಲ್ಲ ಸರ್. ಕ್ವಾಟ್ರಸ್ಸು, ಸ್ಕೂಲು, ಆಸ್ಪತ್ರೆ, ಕ್ಯಾಂಟೀನಲ್ಲಿ ಕಡಿಮೆ ದುಡ್ಡಿಗೆ ಊಟ, ಊರೆಲ್ಲ ಸುತ್ತಿ ಬರೋ ಫ್ಯಾಕ್ಟರಿ ಬಸ್ಸು. ಗಾರೆ ಕೆಲಸದವರ ಮಗ, ಪುರೋಹಿತರ ಮಗ, ಶಿವಾಜಿನಗರದ ಸಾಬ್ರು, ಕೇರಳದವರು, ಒಂದೇ ಟೇಬಲ್ಲಲ್ಲಿ ಕೂತು ಉಣ್ತಿದ್ವಿ. ನಂಗೆ ಜಾತಿ ಅನ್ನೋದು ಸ್ವಲ್ಪನಾದ್ರೂ ಬಿಟ್ಟಿದ್ದು ಅಲ್ಲಿ. ಹೆಂಗಸರೂ ಬಹಳ ಜನ ಇದ್ರು, ಸಣ್ಣ ಸಣ್ಣ ಬಿಡಿಭಾಗ ಜೋಡಿಸೋದ್ರಲ್ಲಿ ಅವರನ್ನ ಮೀರಿಸೋರಿರ್ಲಿಲ್ಲ. ಪ್ರತಿ ಫ್ಯಾಕ್ಟರಿಗೂ ಒಂದು ಕನ್ನಡ ಸಂಘ, ನವೆಂಬರ್ ಬಂದ್ರೆ ನಾಟಕ, ಕವಿಗೋಷ್ಠಿ, ಪತ್ರಿಕೆ. ಹೊರಗಿನಿಂದ ಬಂದೋರೇ ಮೇಲಿನ ಹುದ್ದೇಲಿ ಇರ್ತಿದ್ರು, ಕೆಲಸದ ಭಾಷೆ ಇಂಗ್ಲಿಷು, ಅದಕ್ಕೇ ಸ್ಥಳೀಯರಿಗೆ ಕೆಲಸ ಕೊಡಿ ಅನ್ನೋ ಕೂಗು ಗೇಟ್ ಮುಂದೇನೇ ಗಟ್ಟಿಯಾಯ್ತು. 1982ರ ಗೋಕಾಕ್ ಚಳವಳಿಗೆ ರಾಜ್‌ಕುಮಾರ್ ಬೀದಿಗಿಳಿದಾಗ ಶಿಫ್ಟ್ ಮುಗಿಸ್ಕೊಂಡು ಯೂನಿಫಾರಂನಲ್ಲೇ ಹೋಗಿದ್ವಿ.

ಅದಕ್ಕಿಂತ ಮುಂಚೆ 1980-81ರ ಮುಷ್ಕರ. ಎಚ್‌ಎಎಲ್, ಬಿಇಎಲ್, ಐಟಿಐ, ಎಚ್‌ಎಂಟಿ ಎಲ್ಲ ಒಟ್ಟಿಗೆ 77 ದಿನ ನಿಂತ್ವು. ಹೆಂಡತಿ ಬಳೆ ಅಡ ಇಟ್ಟು ಮನೆ ನಡೆಸಿದ್ಲು, ಬೀದಿ ಅಂಗಡಿಯವರು ಸಾಲದ ಪುಸ್ತಕ ಮುಚ್ಚಲಿಲ್ಲ, ಅವರನ್ನ ಮರೆಯೋಕಾಗಲ್ಲ. ನಾವು ಅಂದ್ಕೊಂಡಷ್ಟು ಸಿಗಲಿಲ್ಲ.

ಐಟಿ ಆಕಾಶದಿಂದ ಬಿತ್ತು ಅಂತ ಮಾತ್ರ ಬರೆಸಬೇಡಿ. 1978ರಲ್ಲಿ ರಾಜ್ಯ ಸರ್ಕಾರದ ಎಲೆಕ್ಟ್ರಾನಿಕ್ಸ್ ಸಂಸ್ಥೆ ಕಿಯೋನಿಕ್ಸ್ ಹೊಸೂರು ರೋಡಲ್ಲಿ ಎಲೆಕ್ಟ್ರಾನಿಕ್ ಸಿಟಿ ಮಾಡೋಕೆ ಹೊರಟಿದ್ದು, 1985ರಲ್ಲಿ ಅಮೆರಿಕದ ಚಿಪ್ ಕಂಪನಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಇಲ್ಲಿ ಬಂದು ಕೂತಿದ್ದು, ಇಲ್ಲಿ ಆಗ್ಲೇ ರೇಡಾರ್, ಟೆಲಿಫೋನ್ ಎಕ್ಸ್‌ಚೇಂಜ್, ಉಪಗ್ರಹ ಮಾಡ್ತಿದ್ದ ಜನ ಇದ್ರು ಅಂತ. ನಮ್ಮ ಮಕ್ಕಳು ಇಂಜಿನಿಯರಿಂಗ್ ಓದಿದ್ದು ನಮ್ಮ ಓವರ್‌ಟೈಮ್ ದುಡ್ಡಲ್ಲಿ.

ಹಲಸೂರು ಕೆರೆ ದಂಡೆ

ಇಬ್ಬರೂ ಹಿರಿಯರು ಪೇಟೆ, ಜಾಲಹಳ್ಳಿ ಹೇಳಿದ್ರು, ದಂಡು, ಅಂದ್ರೆ ಕಂಟೋನ್ಮೆಂಟ್, ಬಿಟ್ಬಿಟ್ರಿ. 1809ರಲ್ಲಿ ಬ್ರಿಟಿಷರು ಶ್ರೀರಂಗಪಟ್ಟಣದಿಂದ ಸೈನ್ಯ ಎತ್ಕೊಂಡು ಬಂದು ಹಲಸೂರು ಪಕ್ಕ ದಂಡು ಪ್ರದೇಶ ಮಾಡಿದ್ರು, ಅಲ್ಲಿಂದ ಇದು ಎರಡು ಊರು. 1881ರಲ್ಲಿ ಮೈಸೂರು ಒಡೆಯರಿಗೆ ರಾಜ್ಯ ವಾಪಸ್ ಕೊಟ್ಟಾಗ್ಲೂ ದಂಡು ಮಾತ್ರ ಬ್ರಿಟಿಷರ ಪ್ರತಿನಿಧಿ ರೆಸಿಡೆಂಟರ ಕೈಯಲ್ಲೇ ಉಳೀತು, ಆಡಳಿತ ಬೇರೆ, ಮುನಿಸಿಪಾಲಿಟಿ ಬೇರೆ. ನಡುವೆ ಕಬ್ಬನ್ ಪಾರ್ಕು. ಎರಡೂ ಸೇರಿ ಒಂದೇ ಕಾರ್ಪೊರೇಷನ್ ಆಗಿದ್ದು 1949ರಲ್ಲಿ.

ನಮ್ಮ ಮುತ್ತಾತ ಆರ್ಕಾಟ್ ಕಡೆಯಿಂದ ರೆಜಿಮೆಂಟಿಗೆ ಸಾಮಾನು ಸಪ್ಲೈ ಮಾಡೋರ ಹತ್ರ ಕೂಲಿಗೆ ಬಂದೋರು. ಮನೇಲಿ ತಮಿಳು, ಬೀದೀಲಿ ದಖ್ನಿ ಉರ್ದು, ಸ್ಕೂಲಲ್ಲಿ ಕನ್ನಡ, ನಂಗೆ ಯಾವುದ್ರಲ್ಲಿ ಕನಸು ಬೀಳುತ್ತೆ ಅಂತ ಕೇಳಿದ್ರೆ ಹೇಳೋಕಾಗಲ್ಲ. ಸೈನ್ಯಕ್ಕೆ ಬ್ರೆಡ್ಡು ಬೇಕು, ಬೂಟು ಬೇಕು, ಕುದುರೆ ಲಾಳ ಬೇಕು, ಬಟ್ಟೆ ಹೊಲಿಯೋರು, ಅಡುಗೆಯವರು, ಬಟ್ಲರ್‌ಗಳು, ಇವರೆಲ್ಲ ಬಂದು ಶಿವಾಜಿನಗರ, ಹಲಸೂರು ತುಂಬಿದ್ರು. 1864ರಲ್ಲಿ ಜೋಲಾರ್‌ಪೇಟೆಯಿಂದ ರೈಲು ಬಂದು ನಿಂತಿದ್ದು ಕಂಟೋನ್ಮೆಂಟಿಗೆ, ಪೇಟೆಗಲ್ಲ. ಸೆಪ್ಟೆಂಬರ್ 8ಕ್ಕೆ ಶಿವಾಜಿನಗರದ ಮೇರಿ ಅಮ್ಮನ ಹಬ್ಬಕ್ಕೆ ಕರ್ಕೊಂಡ್ ಬನ್ನಿ ಮಗೂನ, ಕಾವಿ ಸೀರೆ ಉಟ್ಟು ಹರಕೆ ಹೊತ್ತು ಬರೋರಲ್ಲಿ ಎಲ್ಲ ಧರ್ಮದವರೂ ಇರ್ತಾರೆ.

ರಾಜಾಜಿನಗರದವ

ಕಣ್ಣು ತುಂಬಿ ಬಂತು ಸರ್ ಓದಿ. ಅಪ್ಪನಿಗೂ ಓದಿ ಹೇಳಿದೆ, 77 ದಿನ ಅಂದ ತಕ್ಷಣ ಅಮ್ಮ ಒಳಗಿಂದ ಬಂದು ಕೂತ್ಕೊಂಡ್ರು. ಆದ್ರೆ ಮಗಳು ಇನ್ನೊಂದು ಕೇಳ್ತಿದಾಳೆ, ನದಿ ಇಲ್ದೆ ಇಷ್ಟ್ ಜನ ನೀರು ಏನ್ ಕುಡೀತಿದ್ರು ಅಂತ.

ಸಂಪಂಗಿ ಕೆರೆ

ಮಗು ಸರಿಯಾದ ಪ್ರಶ್ನೆ ಕೇಳಿದೆ. ಬೆಂಗಳೂರು ದಿಣ್ಣೆ ಮೇಲೆ ಕೂತಿದೆ, ಸಮುದ್ರ ಮಟ್ಟದಿಂದ ಸುಮಾರು 920 ಮೀಟರ್ ಎತ್ತರ. ಒಂದು ಕಡೆ ಬಿದ್ದ ಮಳೆ ವೃಷಭಾವತಿ ಹಿಡಿದು ಅರ್ಕಾವತಿ ಸೇರಿ ಕಾವೇರಿಗೆ, ಇನ್ನೊಂದು ಕಡೆ ಬಿದ್ದಿದ್ದು ಹೆಬ್ಬಾಳ, ಕೋರಮಂಗಲ ಕಣಿವೆ ಹಿಡಿದು ದಕ್ಷಿಣ ಪಿನಾಕಿನಿಗೆ. ಹರಿದು ಹೋಗೋ ನೀರನ್ನ ಹಿಡಿದಿಡ್ಲೇಬೇಕು, ಅದಕ್ಕೇ ಕೆರೆ. ಒಂದು ಕೆರೆ ಕೋಡಿ ಬಿದ್ರೆ ರಾಜಕಾಲುವೆಯಲ್ಲಿ ಕೆಳಗಿನ ಕೆರೆಗೆ, ಅದು ತುಂಬಿದ್ರೆ ಅದರ ಕೆಳಗಿನದಕ್ಕೆ. ನಾವು ಕೆರೆ ಮುಚ್ಚಿದ್ವಿ, ಕಾಲುವೆ ಒತ್ತಿದ್ವಿ, ಈಗ ಮಳೆ ಬಂದ್ರೆ ಅದೇ ನೀರು ಹಳೇ ದಾರಿ ಹುಡುಕ್ಕೊಂಡು ಮನೆ ಒಳಗೆ ಬರ್ತಿದೆ.

ಮೆಜೆಸ್ಟಿಕ್ ಬಸ್‌ಸ್ಟ್ಯಾಂಡ್ ಇರೋದು ಧರ್ಮಾಂಬುಧಿ ಕೆರೆ ಅಂಗಳದಲ್ಲಿ. ಕಂಠೀರವ ಸ್ಟೇಡಿಯಂ ಸಂಪಂಗಿ ಕೆರೆ. ನಾವು ತಿಗಳರು, ಈ ಕೆರೆ ನೀರು ಹಾಯಿಸ್ಕೊಂಡು ಸೊಪ್ಪು, ತರಕಾರಿ, ಹೂವು ಬೆಳೆದು ಊರಿಗೆ ಕೊಟ್ಟೋರು. ಚೈತ್ರ ಪೌರ್ಣಮಿ ರಾತ್ರಿ ಧರ್ಮರಾಯನ ಗುಡಿಯಿಂದ ಕರಗ ಹೊರಡುತ್ತಲ್ಲ, ಸುತ್ತ ವೀರಕುಮಾರರು ಕತ್ತಿ ಹಿಡ್ಕೊಂಡು ಓಡ್ತಾರೆ, ಪೇಟೆ ಬೀದಿಯೆಲ್ಲ ಸುತ್ತಿ, ಕಾಟನ್‌ಪೇಟೆ ತವಕ್ಕಲ್ ಮಸ್ತಾನ್ ದರ್ಗಾಕ್ಕೂ ಹೋಗಿ ಬರುತ್ತೆ. ಆ ಹಬ್ಬದ ಶಾಸ್ತ್ರಕ್ಕೆ ಸಂಪಂಗಿ ಕೆರೆ ನೀರೇ ಬೇಕು. ಇಡೀ ಕೆರೆ ಹೋಗಿ ಸ್ಟೇಡಿಯಂ ಪಕ್ಕ ಒಂದು ಚಿಕ್ಕ ಕುಂಟೆ ಉಳ್ಕೊಂಡಿದೆ, ಅದು ಉಳಿದಿದ್ದು ಕರಗದಿಂದ.

ಕುಡಿಯೋ ನೀರಿಗೆ 1890ರ ದಶಕದಲ್ಲಿ ಹೆಸರಘಟ್ಟ, 1933ರಲ್ಲಿ ತಿಪ್ಪಗೊಂಡನಹಳ್ಳಿ, 1974ರಿಂದ ಕಾವೇರಿ. ಕಾವೇರಿ ಸುಮಾರು ನೂರು ಕಿಲೋಮೀಟರ್ ದೂರದಿಂದ ಐನೂರು ಮೀಟರ್ ಮೇಲಕ್ಕೆ ಪಂಪ್ ಆಗಿ ಬರ್ತಾಳೆ, ನಲ್ಲಿ ತಿರುಗಿಸೋ ಮುಂಚೆ ಅದನ್ನ ಮಗೂಗೆ ಹೇಳಿ.

ಹುಬ್ಬಳ್ಳ್ಯಾಂವ

ಎಲ್ಲಾರೂ ಭಾಳ ಚೊಲೊ ಬರದೀರಿ. ಆದ್ರ ಹುಡಿಗಿ ಪ್ರಾಜೆಕ್ಟಿನ ಹೆಸರು "ನಮ್ಮ ರಾಜಧಾನಿ" ಐತಿ, ಯಾರ ರಾಜಧಾನಿ ಅನ್ನೂದನ್ನೂ ಒಂದೀಟು ಬರಸ್ರಿ. ಮೊದಲ ಅರಸರು ಇದ್ದದ್ದು ಮೈಸೂರಾಗ, 1831ರಾಗ ಬ್ರಿಟಿಷರು ಆಡಳಿತ ತಮ್ಮ ಕೈಯಾಗ ತಗೊಂಡ ಮ್ಯಾಲೆ ಕಚೇರಿ ಎಲ್ಲಾ ಬೆಂಗಳೂರಿಗೆ ಬಂತು. ನಮ್ಮ ಧಾರವಾಡ, ಬೆಳಗಾವಿ, ಬಿಜಾಪುರ ಮುಂಬೈ ಪ್ರಾಂತ್ಯದಾಗ ಇದ್ದೂ, ಬೀದರ, ಗುಲಬರ್ಗಾ, ರಾಯಚೂರು ನಿಜಾಮನ ಹೈದರಾಬಾದಿನ್ಯಾಗ, ಮಂಗಳೂರು ಮದ್ರಾಸಿನ್ಯಾಗ. ಏಕೀಕರಣದ ಮಾತು ಎತ್ತಿದವ್ರು ನಮ್ಮ ಕಡಿ ಮಂದಿ, ಧಾರವಾಡದ ವಿದ್ಯಾವರ್ಧಕ ಸಂಘ 1890ರದು. 1956ರ ನವೆಂಬರ್ 1ಕ್ಕ ಎಲ್ಲಾ ಕೂಡಿದಾಗ ಕೆಂಗಲ್ ಹನುಮಂತಯ್ಯನವರು ಕಟ್ಟಿಸಿದ ವಿಧಾನಸೌಧ ಹೊಸಾದು ಇತ್ತು, ನಮ್ಮಜ್ಜ ಅದನ್ನ ನೋಡಾಕಂತ ರೈಲು ಹತ್ತಿ ಬಂದಿದ್ರಂತ, ಕಲ್ಲು ಮುಟ್ಟಿ ನೋಡಿ "ಇದು ನಮ್ದೂ ಹೌದು" ಅಂದ್ರಂತ.

ಈಗ ಏನಾಗೇತಿ ಅಂದ್ರ, ಕಚೇರಿನೂ ಇಲ್ಲೇ, ಕಂಪನಿನೂ ಇಲ್ಲೇ, ದೊಡ್ಡ ದವಾಖಾನಿನೂ ಇಲ್ಲೇ. 1941ರಾಗ ನಾಕು ಲಕ್ಷ ಇದ್ದ ಮಂದಿ 2011ಕ್ಕ 84 ಲಕ್ಷ ಆತು. ರಾಯಚೂರು, ಯಾದಗಿರಿ ಕಡಿಂದ ಮಳಿ ಹೋದ ವರ್ಷ ಕೂಸು ಕುನ್ನಿ ಕಟಗೊಂಡು ಗಾರೆ ಕೆಲಸಕ್ಕ ಬಂದವ್ರು ನಿಮ್ಮ ಅಪಾರ್ಟ್‌ಮೆಂಟಿನ ಬಾಜೂಕ ತಗಡಿನ ಶೆಡ್ಡಿನ್ಯಾಗ ಅದಾರ. ಊರು ಕಟ್ಟಿದವ್ರ ಪಟ್ಟಿಯೊಳಗ ಅವ್ರನ್ನೂ ಸೇರಸ್ರಿ.

ಪೀಣ್ಯ ಲೈನ್ ಟೈಲರ್

ನಾನು ಇಲ್ಲಿ ಬರೆಯೋದು ಕಡಿಮೆ, ಓದ್ತಿರ್ತೀನಿ ಅಷ್ಟೆ. ರಿಟೈರ್ಡ್ ಅಂಕಲ್ ಬರೆದಿದ್ದು ಓದಿ ಮನಸ್ಸು ತುಂಬಿತು, ಆದ್ರೆ ಫ್ಯಾಕ್ಟರಿ ಕಾಲ ಮುಗೀತು ಅನ್ನೋ ಥರ ಓದ್ಸುತ್ತೆ ಅದು. ಮುಗಿದಿಲ್ಲ ಅಂಕಲ್. ಬೆಳಿಗ್ಗೆ ಎಂಟಕ್ಕೆ ಪೀಣ್ಯ, ಮೈಸೂರು ರೋಡ್, ಬೊಮ್ಮನಹಳ್ಳಿಲಿ ಬಂದು ನಿಂತು ನೋಡಿ, ಟಿಫನ್ ಬಾಕ್ಸ್ ಹಿಡ್ಕೊಂಡು ಓಡೋರೆಲ್ಲ ಗಾರ್ಮೆಂಟ್ಸ್ ಹೆಣ್ಣುಮಕ್ಕಳೇ. ನಾನು ಕುಣಿಗಲ್ ಕಡೆಯವಳು, ಹನ್ನೊಂದು ವರ್ಷ ಆಯ್ತು ಮಿಷನ್ ಮೇಲೆ. ಮೊದಲು ಹೆಲ್ಪರ್, ದಾರ ಕಟ್ ಮಾಡ್ತಿದ್ದೆ, ಆಮೇಲೆ ಟೈಲರ್. ನಂದು ಕಾಲರ್ ಕೂರಿಸೋದು. ಗಂಟೆಗೆ ಇಷ್ಟು ಪೀಸ್ ಅಂತ ಟಾರ್ಗೆಟ್, ಬೋರ್ಡಲ್ಲಿ ಬರೀತಾರೆ, ಕಡಿಮೆ ಆದ್ರೆ ನೀರು ಕುಡಿಯೋಕೂ ಏಳಂಗಿಲ್ಲ. ನಾನು ಹೊಲಿದ ಶರ್ಟು ಯಾವ ದೇಶದವರು ಹಾಕ್ಕೋತಾರೋ, ಲೇಬಲ್ ನೋಡಿ ಊಹೆ ಮಾಡ್ತಿರ್ತೀನಿ.

2016ರಲ್ಲಿ ಪಿಎಫ್ ರೂಲ್ ಬದಲಾಯಿಸಿದ್ರು, ಕೆಲಸ ಬಿಟ್ರೂ ಪೂರ್ತಿ ದುಡ್ಡು 58 ವರ್ಷ ಆಗೋವರೆಗೂ ಸಿಗಲ್ಲ ಅಂತ. ನಮ್ಮಂಥೋರಿಗೆ ಅದೊಂದೇ ಉಳಿತಾಯ, ಮಗಳ ಮದುವೆಗೋ ಸೈಟಿಗೋ ಅಂತ ಇಟ್ಟಿರ್ತೀವಿ. ಆ ವರ್ಷ ಏಪ್ರಿಲಲ್ಲಿ, ಯಾವ ಲೀಡರೂ ಕರೀಲಿಲ್ಲ, ಒಂದು ಫ್ಯಾಕ್ಟರಿಯಿಂದ ಇನ್ನೊಂದಕ್ಕೆ ಸುದ್ದಿ ಹೋಗಿ ಸಾವಿರಾರು ಹೆಂಗಸರು ಹೊಸೂರು ರೋಡು, ತುಮಕೂರು ರೋಡಿಗೆ ಇಳಿದ್ವಿ. ಎರಡೇ ದಿನದಲ್ಲಿ ಕೇಂದ್ರ ಸರ್ಕಾರ ಆ ರೂಲ್ ವಾಪಸ್ ತಗೊಳ್ತು. ಇಡೀ ದೇಶದ ಕೆಲಸದೋರಿಗೆ ಅದರಿಂದ ಒಳ್ಳೇದಾಯ್ತು. ಪ್ರಾಜೆಕ್ಟಲ್ಲಿ ಒಂದು ಸಾಲು ಇದನ್ನೂ ಹಾಕಿಸಿ ಅಣ್ಣ.

ರಾಜಾಜಿನಗರದವ

ಅಕ್ಕ, ಖಂಡಿತ. ಒಂದು ಸಾಲಲ್ಲ, ಒಂದು ಪುಟವೇ ಕೊಟ್ಟಿದಾಳೆ. ನಾಲ್ಕು ಪುಟ ಇದ್ದಿದ್ದು ಹನ್ನೊಂದಾಗಿದೆ, ಟೀಚರ್ ಬೈದ್ರೆ ನಾನೇ ಹೋಗಿ ಮಾತಾಡ್ತೀನಿ. ಬೆಂದಕಾಳು ಅಜ್ಜಿ ಪಕ್ಕದಲ್ಲೇ ಬೇಗೂರು ಶಾಸನ ಬಂತು. ಅಪ್ಪನ ಹಳೇ ಫ್ಯಾಕ್ಟರಿ ಪಾಸ್ ಫೋಟೋ ತೆಗೆದು ಅಂಟಿಸಿದಾಳೆ. ಕಬ್ಬನ್‌ಪೇಟೆ ಸರ್, ಅವಳು ಮಗ್ಗ ನೋಡಬೇಕು ಅಂತಿದಾಳೆ, ಯಾವಾಗ ಬರಬಹುದು?

ಕಬ್ಬನ್‌ಪೇಟೆ ಮಗ್ಗ

ಭಾನುವಾರ ಬೇಡ, ಮಗ್ಗ ನಿಂತಿರುತ್ತೆ. ಶನಿವಾರ ಮಧ್ಯಾಹ್ನ ಸ್ಕೂಲ್ ಮುಗಿಸ್ಕೊಂಡು ಬನ್ನಿ, ಕಾರು ತರಬೇಡಿ, ಬೀದಿ ಒಳಗೆ ಬರಲ್ಲ, ಮೆಟ್ರೋ ಇಳಿದು ನಡ್ಕೊಂಡೇ ಬನ್ನಿ. ನಮ್ಮ ಚಿಕ್ಕಪ್ಪನ ಮನೇಲಿ ಎರಡು ಮಗ್ಗ ಓಡ್ತಿದೆ, ಈಗ ಹಸಿರು ಹಾಸು (ಉದ್ದದ ನೂಲು), ಕೆಂಪು ಅಂಚಿನ ಸೀರೆ ಮಗ್ಗದ ಮೇಲಿದೆ. ಪಾಪು ಕೈಯಲ್ಲೇ ಲಾಳಿಗೆ ನೂಲು ಹಾಕಿಸ್ತೀನಿ.